ಪಹಣಿ ಇಲ್ಲದವರ ಸಾಲ: ಬಂಗಾರಪೇಟೆ ಸೀಮೆಯ ಮಹಿಳಾ ಸಂಘಗಳು ನಡೆದು ಬಂದ ದಾರಿ



ಸಹಕಾರ ಸಂಘದ ಸ್ಮರಣ ಸಂಚಿಕೆ ಅಂದಮೇಲೆ ಚರಿತ್ರೆಯ ಲೇಖನ ಕಣಗಿನಹಾಳದಿಂದಲೇ ಶುರುವಾಗುವುದು ವಾಡಿಕೆ. 1905ರಲ್ಲಿ ಗದಗ ಸೀಮೆಯ ಆ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದ ಸಂಗತಿ ಶಾಲಾ ಮಕ್ಕಳಿಗೂ ಗೊತ್ತು. ನಾವೂ ಅವರಿಗೆ ಕೈಮುಗಿದೇ ಮುಂದೆ ಹೋಗುತ್ತೇವೆ. ಆದರೆ ಇಡೀ ದೇಶ ಅನುಸರಿಸಿದಂಥ ಒಂದು ಕೆಲಸ ನಮ್ಮ ಬಂಗಾರಪೇಟೆ, ಕಾಮಸಮುದ್ರ, ಆಂಡರ್ಸನ್‌ಪೇಟೆಯ ಸುತ್ತಮುತ್ತಲೇ ನಡೆಯಿತು. ಅದು ನಮ್ಮವರಿಗೇ ಸರಿಯಾಗಿ ತಿಳಿದಿಲ್ಲ. ಬೆಳ್ಳಿಹಬ್ಬದ ನೆಪದಲ್ಲಾದರೂ ಅದನ್ನು ಬರೆದಿಡೋಣ ಎಂದು ಈ ಲೇಖನ.

ಮೊದಲು ಸೀಮೆಯ ವಿಚಾರ. ಬಂಗಾರಪೇಟೆ ಎಂಬ ಹೆಸರು ಕೇಳಿದ ಹೊರಗಿನವರು ಇಲ್ಲಿ ಮನೆಮನೆಯಲ್ಲೂ ಬಂಗಾರ ಅಂದುಕೊಳ್ಳುತ್ತಾರೆ. ಅದು ಹಿಂದೆ ಬೌರಿಂಗ್‌ಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಬಂಗಾರ ಇದ್ದದ್ದು ಪಕ್ಕದ ಗಣಿಯಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಒಂದು ನೂರು ವರ್ಷ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂತು. 1902ರಲ್ಲಿ ಶಿವನಸಮುದ್ರದಿಂದ ನೂರೈವತ್ತು ಕಿಲೋಮೀಟರಿನಷ್ಟು ದೂರ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಬೇತಮಂಗಲದ ಕೆರೆ ನೀರೂ ಗಣಿಗೆ ಹೋಯಿತು. ಗಣಿಯ ಸುತ್ತಲಿನ ಹಳ್ಳಿಗಳಿಗೆ ಮಾತ್ರ ಕರೆಂಟೂ ಇಲ್ಲ, ಕಾಲುವೆಯೂ ಇಲ್ಲ. ವರ್ಷವಿಡೀ ಹರಿಯುವ ಒಂದು ಹೊಳೆ ನಮ್ಮ ಜಿಲ್ಲೆಗಿಲ್ಲ. ಕೆರೆ ತುಂಬಿದರೆ ಭತ್ತ, ಮಳೆ ಬಿದ್ದರೆ ರಾಗಿ, ಬೀಳದಿದ್ದರೆ ಕೂಲಿ.

ಗಣಿಯ ಲೈನುಗಳಲ್ಲಿ ಇದ್ದವರಾದರೂ ಸುಖಪಟ್ಟರೇ? ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಮಾತನಾಡುವ ಜನ ಅವರು, ಬಹುಪಾಲು ದಲಿತರು. ಒಂದು ಕಾಲಕ್ಕೆ ಮೂವತ್ತು ಸಾವಿರಕ್ಕೂ ಮಿಕ್ಕಿ ಕೂಲಿಕಾರರಿದ್ದ ಜಾಗ. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲು ಒಡೆದು, ದೂಳು ಕುಡಿದು, ಮೇಲೆ ಬಂದರೆ ಇರಲು ಒಂದೇ ಕೋಣೆಯ ತಟ್ಟಿ ಮನೆ. ಸಂಬಳದ ದಿನ ಗೇಟಿನ ಹೊರಗೆ ಬಡ್ಡಿಯವನು ನಿಂತಿರುತ್ತಿದ್ದ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಚಿನ್ನ ತೆಗೆದವನ ಹೆಂಡತಿಯ ತಾಳಿ ಗಿರವಿ ಅಂಗಡಿಯಲ್ಲಿ! ನಮ್ಮ ಹಳ್ಳಿಯ ಕೂಲಿಯವರ ಪಾಡೂ ಇದಕ್ಕಿಂತ ಬೇರೆಯಲ್ಲ. ಅವರ ಹತ್ತಿರ ಗಿರವಿಗಿಡಲು ತಾಳಿಯೂ ಅನುಮಾನ.

ಹಾಗಾದರೆ ಸಾಲ ಕೊಡುವ ಸಂಸ್ಥೆಗಳಿರಲಿಲ್ಲವೇ ಎಂದು ಕೇಳಬಹುದು. ಇದ್ದವು. ಸಹಕಾರ ಸಂಘಗಳು ಹುಟ್ಟಿ ಅರ್ಧ ಶತಮಾನ ಕಳೆದ ಮೇಲೆ, ಗೋರ್ವಾಲಾ ಅವರ ಸಮಿತಿ ದೇಶದ ಹಳ್ಳಿಗಳ ಸಾಲವನ್ನು ಲೆಕ್ಕ ಹಾಕಿ 1954ರಲ್ಲಿ ವರದಿ ಕೊಟ್ಟಿತು. ರೈತರು ಪಡೆದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡಾ 3ರಷ್ಟು ಮಾತ್ರ ಎಂದು ಆಗ ಗೊತ್ತಾಯಿತು. ಮಿಕ್ಕದ್ದರಲ್ಲಿ ಹೆಚ್ಚಿನದು ಲೇವಾದೇವಿಯವರದು. ಮುಂದೆ 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದವು, ಹಳ್ಳಿಗೂ ಶಾಖೆ ಬಂತು. ಆದರೆ ಒಳಗೆ ಹೋದರೆ ಪಹಣಿ ತನ್ನಿ, ಜಾಮೀನು ತನ್ನಿ, ಯಾತಕ್ಕೆ ಸಾಲ ಹೇಳಿ. ಪಹಣಿ ಇರುವುದು ಗಂಡನ ಹೆಸರಿಗೋ ಮಾವನ ಹೆಸರಿಗೋ. ಕೂಲಿಯವರಿಗಂತೂ ಅದೂ ಇಲ್ಲ. 1980ರಿಂದ ದೇಶದ ಎಲ್ಲ ಕಡೆ ಬಂದ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯಲ್ಲಿ ಬಡವರಿಗೆ ಸಾಲ ಸಿಕ್ಕಿತು, ಸಬ್ಸಿಡಿಯೂ ಇತ್ತು. ಆದರೆ ಏನು ಕೊಳ್ಳಬೇಕೆಂದು ತೀರ್ಮಾನಿಸುವವರು ಕಚೇರಿಯವರು. ಮಗುವಿಗೆ ಕಾಯಿಲೆ, ಇನ್ನೂರು ರೂಪಾಯಿ ಬೇಕು ಅಂದರೆ ಅದಕ್ಕೆ ಫಾರಮೇ ಇಲ್ಲ. ಅಂಥ ಇನ್ನೂರು ರೂಪಾಯಿಗಾಗಿಯೇ ಜನ ಮೀಟರ್ ಬಡ್ಡಿಗೆ ಬಿದ್ದದ್ದು.

ಈಗ ಅಸಲು ಕಥೆಗೆ ಬರೋಣ. ಮೈರಾಡ ಎಂಬ ಸಂಸ್ಥೆಯ ಹೆಸರು ಕಾಮಸಮುದ್ರ ಹೋಬಳಿಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು 1968ರಲ್ಲಿ ಹುಟ್ಟಿದ ಸಂಸ್ಥೆ ಅದು. ಮುಂದೆ ಬಡ ಹಳ್ಳಿಗಳ ಕಡೆಗೆ ತಿರುಗಿ ಕರ್ನಾಟಕದ ಹಲವು ಕಡೆ ಕೆಲಸ ಮಾಡಿತು. ಅದು ಮೊದಲು ಮಾಡಿಸಿದ್ದೂ ನಮ್ಮ ಹಾಗೆಯೇ ದೊಡ್ಡ ಸಹಕಾರ ಸಂಘಗಳನ್ನು. ಒಂದೊಂದರಲ್ಲಿ ನೂರರಷ್ಟು ಸದಸ್ಯರು. ಸಾಲವನ್ನೂ ಕೊಡಿಸಿತು. 1984-85ರ ಹೊತ್ತಿಗೆ ಇಂಥ ಸಂಘಗಳಲ್ಲಿ ಹಲವು ಒಡೆದುಹೋದವು. ಕಾರಣ ಹೊಸದೇನಲ್ಲ: ಅಧ್ಯಕ್ಷನಾದವನು ಹೇಳಿದ್ದೇ ಕಾನೂನು, ಸಾಲ ಅವನ ಕಡೆಯವರಿಗೆ, ಲೆಕ್ಕ ಕೇಳಿದವರು ವಿರೋಧಿಗಳು. ಸಹಕಾರ ಸಂಘದ ಸಂಚಿಕೆಯಲ್ಲೇ ಈ ಮಾತು ಬೇಕಿತ್ತೇ ಎಂದು ಕೆಲವರಿಗೆ ಅನ್ನಿಸೀತು. ಬೇಕು. ಇಷ್ಟನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಆಗ ಒಂದು ವಿಚಿತ್ರ ನಡೆಯಿತು. ಒಡೆದ ಸಂಘದ ಸದಸ್ಯರು ಹತ್ತು ಹದಿನೈದು ಜನರ ಚಿಕ್ಕ ಗುಂಪಾಗಿ ಮೈರಾಡದವರ ಬಳಿ ಬಂದರು. ಸಾಲ ಮುಳುಗಿಸುವ ಮಾತು ಆಡಲಿಲ್ಲ. ನಾವು ತೀರಿಸುತ್ತೇವೆ, ಆದರೆ ಆ ದೊಡ್ಡ ಸಂಘಕ್ಕೆ ಕಟ್ಟುವುದಿಲ್ಲ, ಅಲ್ಲಿ ಒಬ್ಬನದೇ ಕಾರುಬಾರು ಎಂದರು. ಸಂಸ್ಥೆಯವರು, ಹಾಗಾದರೆ ಆ ಹಣ ನಿಮ್ಮ ಗುಂಪಿನಲ್ಲೇ ಇರಲಿ, ನೀವು ನೀವೇ ಸಾಲ ಕೊಟ್ಟುಕೊಳ್ಳಿ ಎಂದು ಒಪ್ಪಿದರು. ಹಾಗೆ ಕೂಡಿದವರು ಒಬ್ಬರನ್ನೊಬ್ಬರು ಬಲ್ಲವರು: ಒಂದೇ ಕೇರಿಯವರು, ಒಟ್ಟಿಗೆ ಕೂಲಿಗೆ ಹೋಗುವವರು, ಕಷ್ಟಕ್ಕೆ ಒಬ್ಬರಿಗೊಬ್ಬರು ಆದವರು. ಸರ್ಕಾರದ ಪಟ್ಟಿ ನೋಡಿ ಕೂಡಿಸಿದ ಗುಂಪಲ್ಲ. ನಮ್ಮ ದೃಷ್ಟಿಯಲ್ಲಿ ಇಡೀ ಕಥೆಯ ಗುಟ್ಟು ಇಲ್ಲಿದೆ. ಆಮೇಲೆ ಬಂದ ಎಷ್ಟೋ ಯೋಜನೆಗಳು ಸಂಘದ ಹೆಸರನ್ನು ತೆಗೆದುಕೊಂಡು ಈ ಗುಟ್ಟನ್ನು ಬಿಟ್ಟವು.

ಸಂಘ ನಡೆಯುವ ರೀತಿ ನಮ್ಮ ಓದುಗರಿಗೆ ಗೊತ್ತಿದ್ದದ್ದೇ, ಆದರೂ ಮುಂದಿನವರಿಗಾಗಿ ಬರೆಯುತ್ತೇವೆ. ವಾರಕ್ಕೊಂದು ಸಭೆ, ಕೂಲಿ ಮುಗಿದು, ಅಡಿಗೆ ಆದ ಮೇಲೆ. ಎಲ್ಲರೂ ಚಾಪೆಯ ಮೇಲೆ, ದುಂಡಗೆ. ಎರಡೋ ಐದೋ ರೂಪಾಯಿ ಉಳಿತಾಯ ನಡುವೆ ಇಟ್ಟು ಎಣಿಸುವುದು. ತಡವಾಗಿ ಬಂದರೆ ದಂಡ. ಒಂದು ನಡಾವಳಿ ಪುಸ್ತಕ, ಒಂದು ಲೆಕ್ಕದ ಪುಸ್ತಕ. ಓದು ಬಾರದವರೇ ಹೆಚ್ಚಿದ್ದ ಕಡೆ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಬಂದು ಬರೆದುಕೊಡುತ್ತಿದ್ದಳು. ಆಮೇಲೆ ಯಾರಿಗೆ ಸಾಲ ಎಂಬ ಮಾತು. "ಏನಕ್ಕ, ಹೋದ್ಸಲ ತಗೊಂಡಿದ್ದು ತೀರಿಸ್ದಾ?" "ಎರಡು ಕಂತು ಐತೆ ಕಣಮ್ಮ." "ಹಂಗಾದ್ರೆ ಈ ಸಲ ಅವಳಿಗೆ ಕೊಡಾನ, ಅವಳ ಮಗೀಗೆ ಉಷಾರಿಲ್ಲ." ಬ್ಯಾಂಕಿನ ಮ್ಯಾನೇಜರು ಆರು ತಿಂಗಳು ವಿಚಾರಣೆ ಮಾಡಿದರೂ ಸಿಗದ ಮಾಹಿತಿ ಆ ಚಾಪೆಯ ಮೇಲೆ ಅರೆಗಳಿಗೆಯಲ್ಲಿ ಸಿಗುತ್ತದೆ. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿಯಂತೆ ಇಟ್ಟುಕೊಂಡ ಸಂಘಗಳುಂಟು. ಬ್ಯಾಂಕಿಗಿಂತ ಇದು ಜಾಸ್ತಿಯಲ್ಲವೇ ಎಂದು ಓದಿದವರು ಆಕ್ಷೇಪಿಸುತ್ತಾರೆ. ಜಾಸ್ತಿಯೇ. ಆದರೆ ಆ ಬಡ್ಡಿ ಸಂಘದ ಪೆಟ್ಟಿಗೆಗೇ ವಾಪಸು ಬರುತ್ತದೆ, ಅವರದೇ ದುಡ್ಡಾಗುತ್ತದೆ.

ಸಂಘದಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ ಯಾಕಿಲ್ಲ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಲಾಭದ ವ್ಯವಹಾರಕ್ಕೆ ಇಪ್ಪತ್ತಕ್ಕೂ ಹೆಚ್ಚು ಜನ ಸೇರಿದರೆ ನೋಂದಣಿ ಮಾಡಿಸಲೇಬೇಕೆಂಬ ಹಳೆಯ ಕಂಪನಿ ಕಾನೂನೇ ಅದಕ್ಕೆ ಕಾರಣ. ನೋಂದಣಿ ಅಂದರೆ ಕಚೇರಿ, ಕಚೇರಿ ಅಂದರೆ ಅಲೆದಾಟ. ಆದ್ದರಿಂದ ಇಪ್ಪತ್ತಕ್ಕೆ ನಿಲ್ಲಿಸಿದರು.

1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಸಂಘಗಳಿಗೆ ತರಬೇತಿ ಕೊಡಲು, ಅವರು ಕೂಡಿಟ್ಟಷ್ಟಕ್ಕೆ ಸಮನಾಗಿ ಹಣ ಸೇರಿಸಲು ಆ ಮೊತ್ತ. ಆದರೆ ಉಳಿತಾಯದ ಹಣ ಎಷ್ಟು ದಿನ ಸಾಕಾದೀತು? ಹಸು ಕೊಳ್ಳಬೇಕು, ಹುಳು ಸಾಕಬೇಕು, ಗಿರವಿ ಇಟ್ಟ ಹೊಲ ಬಿಡಿಸಬೇಕು ಎಂಬ ಹಂತಕ್ಕೆ ಬಂದಾಗ ಬ್ಯಾಂಕು ಬೇಕೇಬೇಕು. ಬ್ಯಾಂಕಿಗೆ ಮೂರು ಅಡ್ಡಿ. ಸಂಘ ನೋಂದಣಿಯಾಗಿಲ್ಲ. ಅಡಮಾನ ಏನೂ ಇಲ್ಲ. ಯಾರಿಗೆ ಯಾತಕ್ಕೆ ಸಾಲ ಎಂದು ಸಂಘವೇ ತೀರ್ಮಾನಿಸುತ್ತದೆ, ಬ್ಯಾಂಕಿಗೆ ಮೊದಲೇ ಹೇಳುವುದಿಲ್ಲ. ಈ ಮೂರನ್ನೂ ಒಪ್ಪಬೇಕೆಂಬುದು ಸಂಸ್ಥೆಯ ವಾದ. ಅದರ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಅವರು ಇದಕ್ಕಾಗಿ ನಬಾರ್ಡಿನ ಜೊತೆ ವರ್ಷಗಟ್ಟಲೆ ಮಾತುಕತೆ ನಡೆಸಿದರು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ ಪ್ರಯೋಗಕ್ಕೆ ದಾರಿ ಮಾಡಿಕೊಟ್ಟಿತು.

ಆ ಪ್ರಯೋಗದ ಮೊದಲ ಸಾಲ ನಮ್ಮಲ್ಲೇ ಆಯಿತು. 1991ರ ಡಿಸೆಂಬರಿನಲ್ಲಿ ವೈಶ್ಯ ಬ್ಯಾಂಕಿನ ಬಂಗಾರಪೇಟೆ ಶಾಖೆ ಮುದುಗುಳಿಯ ವೆಂಕಟೇಶ್ವರ ಮಹಿಳಾ ಸಂಘಕ್ಕೆ ಸಾಲ ಕೊಟ್ಟಿತು. ಮರುತಿಂಗಳೇ, 1992ರ ಜನವರಿಯಲ್ಲಿ, ಕಾರ್ಪೊರೇಷನ್ ಬ್ಯಾಂಕಿನ ಆಂಡರ್ಸನ್‌ಪೇಟೆ ಶಾಖೆ ಬೋಡಗುರ್ಕಿಯ ಸರಸ್ವತಿ ಮಹಿಳಾ ಸಂಘಕ್ಕೆ ಕೊಟ್ಟಿತು. ದೇಶದಲ್ಲಿ 500 ಸಂಘಗಳಿಗೆ ಹೀಗೆ ಸಾಲ ಕೊಟ್ಟು ನೋಡೋಣ ಎಂಬ ನಬಾರ್ಡಿನ ಮಾರ್ಗಸೂಚಿ ಹೊರಟದ್ದು 1992ರ ಫೆಬ್ರುವರಿಯಲ್ಲಿ. ಅಂದರೆ ಪುಸ್ತಕ ಬರುವ ಮೊದಲೇ ನಮ್ಮ ಹೆಣ್ಣುಮಕ್ಕಳು ಪರೀಕ್ಷೆ ಬರೆದಾಗಿತ್ತು. ಆಂಡರ್ಸನ್‌ಪೇಟೆ ಗಣಿ ಕಾರ್ಮಿಕರ ಪೇಟೆ ಎಂಬುದನ್ನು ನೆನಪಿಡಬೇಕು. ಚಿನ್ನದ ನೆಲದ ಬ್ಯಾಂಕು ಚಿನ್ನವನ್ನು ಅಡವಿಡಿಸಿಕೊಳ್ಳದೆ ಕೊಟ್ಟ ಸಾಲ ಅದು.

1996ರಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಬ್ಯಾಂಕುಗಳ ಮಾಮೂಲು ಕೆಲಸವೆಂದೇ ಸೇರಿಸಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದು ಅಂಗನವಾಡಿಯಿರುವ ಊರಿಗೆಲ್ಲ ಸಂಘ ಬಂತು. 2023ರ ಮಾರ್ಚ್ ಹೊತ್ತಿಗೆ ದೇಶದಲ್ಲಿ ಬ್ಯಾಂಕಿನಲ್ಲಿ ಉಳಿತಾಯವಿಟ್ಟ ಸ್ವಸಹಾಯ ಸಂಘಗಳು ಸುಮಾರು 1 ಕೋಟಿ 34 ಲಕ್ಷ. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿಗೂ ಮಹಮದ್ ಯೂನುಸ್ ಅವರಿಗೂ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಲೋಕವೆಲ್ಲ ಕೊಂಡಾಡಿತು, ಅದು ಸರಿಯೇ. ಆದರೆ ಅಲ್ಲಿ ಸಾಲ ಕೊಡುವುದು ಬ್ಯಾಂಕು, ಪಡೆಯುವುದು ಸದಸ್ಯೆ. ಇಲ್ಲಿ ಸಂಘವೇ ಒಂದು ಪುಟ್ಟ ಬ್ಯಾಂಕು. ಈ ವ್ಯತ್ಯಾಸ ಸಣ್ಣದಲ್ಲ.

ಇತ್ತ ಗಣಿಯ ಕಥೆ ಬೇರೆ ದಿಕ್ಕಿಗೆ ಹೋಯಿತು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಉದ್ಯೋಗ, ಆಸ್ಪತ್ರೆ, ನೀರು, ಎಲ್ಲಕ್ಕೂ ಕಂಪನಿಯನ್ನೇ ನಂಬಿದ್ದ ಊರು ಒಂದೇ ಏಟಿಗೆ ಬರಿದಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ ಸ್ಟೇಷನ್ನುಗಳಲ್ಲಿ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದು ಸಾವಿರಾರು ಮನೆಗಳ ಬಾಳಾಯಿತು. ಗಂಡಸರು ಹೊರಗೆ ದುಡಿಯುವ ಮನೆಯಲ್ಲಿ ಬಾಡಿಗೆ, ಫೀಜು, ಔಷಧಿಯ ಚಿಲ್ಲರೆ ಸಾಲಕ್ಕೆ ಹೆಣ್ಣುಮಕ್ಕಳೇ ದಾರಿ ಹುಡುಕಬೇಕು. ಸಂಘವಿದ್ದ ಕಡೆ ಹುಡುಕಲು ಒಂದು ಬಾಗಿಲಿತ್ತು. ಸಂಘದಿಂದ ಗಣಿ ಊರು ಉದ್ಧಾರವಾಯಿತೆಂದು ಮಾತ್ರ ನಾವು ಬರೆಯಲಾರೆವು. ಕೆಲಸಕ್ಕೆ ಬದಲು ಸಾಲ ನಿಲ್ಲುವುದಿಲ್ಲ.

ಹಳ್ಳಿಗಳಲ್ಲಿ ಫಲ ಹೆಚ್ಚು ಕಾಣಿಸಿತು, ಯಾಕೆಂದರೆ ಇಲ್ಲಿ ಹಾಲಿನ ಡೈರಿ ಇತ್ತು. ಸಂಘದ ಸಾಲದಲ್ಲಿ ಬಂದ ಹಸುವಿನ ಹಾಲು ಬೆಳಿಗ್ಗೆ ಸಂಜೆ ಡೈರಿಗೆ, ಡೈರಿಯ ಬಟವಾಡೆಯಿಂದ ಕಂತು ಸಂಘಕ್ಕೆ. ಎರಡು ಸಹಕಾರ ಒಂದಕ್ಕೊಂದು ಹೆಗಲು ಕೊಟ್ಟವು. ರೇಷ್ಮೆ ಇದ್ದವರಿಗೂ ಹಾಗೆಯೇ.

ಕೆಟ್ಟ ಕಾಲವೂ ಬಂತು. ಸಂಘಗಳು ಸಾಲವನ್ನು ತೀರಿಸುತ್ತವೆಂದು ಗೊತ್ತಾದ ಮೇಲೆ ಲಾಭಕ್ಕೆ ಸಾಲ ಕೊಡುವ ಕಂಪನಿಗಳು ಕೇರಿ ಕೇರಿಗೂ ಬಂದವು. ಒಬ್ಬಳಿಗೇ ಮೂರು ನಾಲ್ಕು ಕಂಪನಿಯ ಸಾಲ, ವಾರ ವಾರ ವಸೂಲಿ. 2009ರಲ್ಲಿ ಕೋಲಾರ ಪಟ್ಟಣದಲ್ಲಿ ಜನ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. 2025ರ ಫೆಬ್ರುವರಿಯಲ್ಲಿ ವಸೂಲಿಯ ದಬ್ಬಾಳಿಕೆ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅವರೂ ಹೆಣ್ಣುಮಕ್ಕಳನ್ನು ಗುಂಪು ಕೂರಿಸಿಯೇ ಸಾಲ ಕೊಡುವುದು. ನೋಡಲು ಸಂಘದಂತೆಯೇ ಇರುತ್ತದೆ, ಚಾಪೆಯೂ ಇರುತ್ತದೆ. ಆದರೆ ಅಲ್ಲಿ ಬಡ್ಡಿ ಊರು ಬಿಟ್ಟು ಹೋಗುತ್ತದೆ, ಯಾರಿಗೆ ಕೊಡಬೇಕೆಂದು ಗುಂಪು ತೀರ್ಮಾನಿಸುವುದಿಲ್ಲ. ನಮ್ಮ ಸದಸ್ಯರ ಮನೆಗಳಲ್ಲೂ ಈ ಎರಡನ್ನೂ "ಸಂಘದ ಸಾಲ" ಎಂದೇ ಕರೆಯುವ ರೂಢಿ ಬಿದ್ದಿದೆ. ಇದು ಬಿಡಬೇಕಾದ ರೂಢಿ. ಸಹಿ ಹಾಕುವ ಮೊದಲು ಬಡ್ಡಿ ಯಾರ ಪೆಟ್ಟಿಗೆಗೆ ಹೋಗುತ್ತದೆಂದು ಕೇಳಿ, ಹೇಳಲು ತಡವರಿಸಿದರೆ ಎದ್ದು ಬನ್ನಿ.

ಮೊದಲ ಸಾಲ ಕೊಟ್ಟ ಎರಡು ಬ್ಯಾಂಕುಗಳ ಹೆಸರೂ ಈಗ ಇಲ್ಲ. ವೈಶ್ಯ ಬ್ಯಾಂಕ್ ಹೆಸರು ಬದಲಾಗಿ 2015ರಲ್ಲಿ ಕೋಟಕ್ ಮಹೀಂದ್ರದೊಳಗೆ ಸೇರಿತು, ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ. ಅಂದಿನ ಸಂಘಗಳಲ್ಲಿದ್ದ ಹೆಣ್ಣುಮಕ್ಕಳು ಇಂದು ಅಜ್ಜಿಯರು. ಆ ಕಾಲದ ನಡಾವಳಿ ಪುಸ್ತಕ, ಪಾಸ್ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಕೆಲವು ಒಲೆಗೂ ಹೋಗಿರಬಹುದು. ಯಾರ ಮನೆಯಲ್ಲಾದರೂ ಹಳೆಯ ಸಂಘದ ಪುಸ್ತಕಗಳಿದ್ದರೆ, ಹರಿದಿದ್ದರೂ ಚಿಂತೆಯಿಲ್ಲ, ನಮ್ಮ ಸಂಘದ ಕಚೇರಿಗೆ ತಂದುಕೊಡಬೇಕೆಂದು ವಿನಂತಿ. ಅವನ್ನು ಇಡಲು ಕಬ್ಬಿಣದ ಬೀರುವಿನಲ್ಲಿ ಎರಡು ಅರೆ ಖಾಲಿ ಮಾಡಿಸಿದ್ದೇವೆ. ತಂದವರ ಹೆಸರು ಬರೆದುಕೊಂಡು ರಸೀತಿ ಕೊಡಲಾಗುವುದು.