ಗಾಳಿಯನ್ನು ಮಾರಿದ ಅಂಗಡಿಗಳು

ಹಣ ಹಿಡಿದು ಬಂದ ಗಿರಾಕಿಯನ್ನು ಬರಿಗೈಯಲ್ಲಿ ಹಿಂದಕ್ಕೆ ಕಳುಹಬಾರದೆಂಬುದು ಎಲ್ಲ ಪೇಟೆಗಳಲ್ಲಿಯೂ ಮಾನ್ಯವಾದ ನೀತಿಯಾದರೂ, ಸಮುದ್ರದೊಳಗೆ ಮುಳುಗಿ ವಿಹರಿಸುವವರಿಗೆ ಸಾಮಗ್ರಿಗಳನ್ನು ಒದಗಿಸುವ ಸ್ಕೂಬಾ ಅಂಗಡಿಗಳು, ಹುಟ್ಟಿದ ಹತ್ತಿಪ್ಪತ್ತು ವರ್ಷಗಳೊಳಗೇ ಅದಕ್ಕೆ ನೇರ ವಿರುದ್ಧವಾದ ಮಾರ್ಗವನ್ನು ಹಿಡಿದು, ಆ ಮಾರ್ಗದಿಂದಲೇ ಏಳಿಗೆ ಹೊಂದಿದುವು.

1943ರಲ್ಲಿ, ಫ್ರಾನ್ಸ್ ದೇಶವು ಶತ್ರುಗಳ ವಶದಲ್ಲಿದ್ದ ಕಾಲದಲ್ಲಿಯೇ, ನೌಕಾಪಡೆಯ ಅಧಿಕಾರಿ ಝಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇಬ್ಬರೂ ಕೂಡಿ, ಮುಳುಗಿದವನು ಉಸಿರೆಳೆದಾಗ ಮಾತ್ರ, ಅದೂ ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದುವಂತೆ, ಬೆನ್ನ ಮೇಲಿನ ಸಿಲಿಂಡರಿನಿಂದ ಗಾಳಿಯನ್ನು ಬಿಡುವ ಯಂತ್ರವೊಂದನ್ನು ಸಿದ್ಧಗೊಳಿಸಿದರು. ಅಕ್ವಾ-ಲಂಗ್ ಎಂದು ಹೆಸರಾದ ಈ ಉಪಕರಣವು ನಲವತ್ತರ ದಶಕದ ಕೊನೆಯಲ್ಲಿ ಅಮೆರಿಕೆಗೆ ಬಂದು, ಲಾಸ್ ಏಂಜಲಿಸ್ ನಗರದ ವೆಸ್ಟ್‌ವುಡ್‌ನಲ್ಲಿ ರೆನೆ ಬುಸ್ಸೋ ಎಂಬವನು ನಡೆಸುತ್ತಿದ್ದ ಕ್ರೀಡಾಸಾಮಗ್ರಿಗಳ ಅಂಗಡಿಯನ್ನು ಸೇರಿತು. ಮೊದಲು ಬಂದ ಹತ್ತು ಯಂತ್ರಗಳನ್ನು ಮಾರಿ ಮುಗಿಸಿದ ಆತನು, ಇನ್ನು ಕೊಳ್ಳುವವರು ಯಾರೂ ಇರಲಾರರೆಂದು ಫ್ರಾನ್ಸಿಗೆ ತಿಳಿಸಿದನೆಂಬ ಕತೆಯೊಂದು ಈ ವೃತ್ತಿಯವರಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಕತೆ ನಿಜವೋ ಕಟ್ಟಿದ್ದೋ, ಅವನ ಅಂಗಡಿಯಿಂದ ಬೆಳೆದ ಯು.ಎಸ್. ಡೈವರ್ಸ್ ಸಂಸ್ಥೆಯು ಮುಂದೆ ಆ ದೇಶದ ಡೈವಿಂಗ್ ವ್ಯಾಪಾರಕ್ಕೇ ಮುಂದಾಳಾಯಿತು.

ಆ ಮೊದಲ ದಿನಗಳಲ್ಲಿ ಗಿರಾಕಿಗೆ ಸಿಲಿಂಡರು, ಎರಡು ಸುಕ್ಕುಕೊಳವೆಗಳ ರೆಗ್ಯುಲೇಟರು, ಇವುಗಳೊಂದಿಗೆ ದೊರೆಯುತ್ತಿದ್ದ ಉಪದೇಶವು ಒಂದೇ ವಾಕ್ಯದ್ದೆಂದು ಹಳಬರು ಹೇಳುತ್ತಾರೆ: ಉಸಿರು ಬಿಗಿಹಿಡಿಯಬೇಡ. ಉಪದೇಶವೇನೋ ಸರಿಯಾದುದೇ. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟಿರುವುದರಿಂದ, ಅಲ್ಲಿ ಎದೆ ತುಂಬ ಗಾಳಿಯೆಳೆದವನು ಬಾಯಿ ಮುಚ್ಚಿಕೊಂಡು ಮೇಲೇರಿದಲ್ಲಿ, ಅದೇ ಗಾಳಿಯು ಇಮ್ಮಡಿ ಹಿಗ್ಗಲೆಳಸಿ ಶ್ವಾಸಕೋಶವನ್ನೇ ಹರಿಯಬಲ್ಲದು. ಆದರೆ ಹೆದರಿದ ಮನುಷ್ಯನು ಮೊದಲು ಮಾಡುವ ಕೆಲಸವೇ ಉಸಿರು ಹಿಡಿಯುವುದು. ಆ ಸ್ವಭಾವವನ್ನು ಮಾತಿನಿಂದ ಬಿಡಿಸಲಾಗದು, ಅಭ್ಯಾಸದಿಂದ ಬಿಡಿಸಬೇಕು. ಅದು ಅಂಗಡಿಯವನಿಗೂ ಆಗ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದರೂ ಆ ಅಭ್ಯಾಸ ಮಾಡಿಸುವುದು ತನ್ನ ಹೊಣೆಯೆಂದು ಅವನಿಗೆ ತೋರಲಿಲ್ಲ.

ಕ್ಯಾಲಿಫೋರ್ನಿಯದ ತೀರದಲ್ಲಿ ಈ ವ್ಯಾಪಾರಕ್ಕೆ ಕೈಹಾಕಿದವರು ಹುಟ್ಟು ವರ್ತಕರಲ್ಲ. ಮೆಲ್ ಫಿಶರ್ ಎಂಬವನು ಟೊರೆನ್ಸ್ ಊರಿನ ತನ್ನ ಮನೆಯವರ ಕೋಳಿ ಸಾಕಣೆಯ ತಾಣದಲ್ಲಿಯೇ ಸಿಲಿಂಡರಿಗೆ ಗಾಳಿ ತುಂಬುವ ಕಂಪ್ರೆಸರ್ ಹೂಡಿ ಆರಂಭಿಸಿದನು. ಮುಂದೆ 1985ರಲ್ಲಿ ಅತೋಚಾ ಎಂಬ ಸ್ಪೇನಿನ ಹಡಗಿನ ನಿಧಿಯನ್ನು ಕಂಡು ಲೋಕವಿಖ್ಯಾತನಾದವನೂ ಇವನೇ. ಸಮೀಪದ ರೆಡೊಂಡೊ ಬೀಚಿನಲ್ಲಿ 1953ರಲ್ಲಿ ತೆರೆದ ಡೈವ್ ಎನ್ ಸರ್ಫ್ ಅಂಗಡಿಯನ್ನು ಬಿಲ್ ಮತ್ತು ಬಾಬ್ ಮೈಸ್ಟ್ರೆಲ್ ಎಂಬ ಅವಳಿ ಸೋದರರು ತಾಯಿಯಿಂದ 1,800 ಡಾಲರು ಸಾಲ ಪಡೆದು ಸೇರಿಕೊಂಡರು. ಈ ಅಂಗಡಿಯ ಸ್ಥಾಪಕರಲ್ಲೊಬ್ಬನಾದ ಬೆವ್ ಮಾರ್ಗನ್ ಕಡಲತೀರದ ಜೀವರಕ್ಷಕನೂ ಆಗಿದ್ದನೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿ. ಅಂಗಡಿಕಟ್ಟೆಯಲ್ಲಿ ಮಾರಿದ ಯಂತ್ರ ನೀರಿನಲ್ಲಿ ಏನು ಮಾಡಬಲ್ಲುದೆಂದು ಬಲ್ಲ ಇಂಥವನಿಗೆ, ಕಲಿಸದೆ ಮಾರುವುದು ಸರಿಯೆಂದು ತೋರದಿದ್ದುದು ಸಹಜ. 1954ರಲ್ಲಿ ಅವನೂ ಲಾಸ್ ಏಂಜಲಿಸ್ ಕೌಂಟಿಯ ಆಲ್ ಟಿಲ್‌ಮನ್ನನೂ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಗೆ ಹೋಗಿ, ಅಲ್ಲಿನ ವಿಜ್ಞಾನಿಗಳಿಗೆ ಡೈವಿಂಗ್ ಕಲಿಸುತ್ತಿದ್ದ ಕಾನ್ರಾಡ್ ಲಿಂಬಾನಿಂದ ತರಬೇತಿ ಪಡೆದು ಬಂದರು. ಮರುವರ್ಷ ಕೌಂಟಿಯು ಬೋಧಕರನ್ನೇ ತಯಾರಿಸುವ ಶಿಕ್ಷಣವನ್ನು ಆರಂಭಿಸಿತು.

ಅಂಗಡಿಗೆ ಗಿರಾಕಿಯು ಮತ್ತೆ ಮತ್ತೆ ಬರುತ್ತಿದ್ದುದು ಯಂತ್ರಕ್ಕಾಗಿಯಲ್ಲ, ಗಾಳಿಗಾಗಿ. ಸಿಲಿಂಡರನ್ನು ಅವಸರದಿಂದ ತುಂಬಿದರೆ ಒಳಗಿನ ಗಾಳಿ ಕಾದು ಮಾಪಕದ ಮುಳ್ಳು ಪೂರ್ಣಾಂಕವನ್ನು ತೋರಿಸುತ್ತದೆ. ತಣ್ಣನೆಯ ಕಡಲಿಗಿಳಿದಾಗ ಮುಳ್ಳು ಹಿಂದಕ್ಕೆ ಸರಿದು, ಅಳತೆ ಕಡಮೆಯಾದುದು ಆಮೇಲೆ ತಿಳಿಯುತ್ತದೆ. ಹಾಲಿನವನು ನೊರೆಯನ್ನೂ ಸೇರಿಸಿ ಅಳೆದಂತೆ. ಆದುದರಿಂದ ಒಳ್ಳೆಯ ಅಂಗಡಿಯವನು ನಿಧಾನವಾಗಿ ತುಂಬಿ, ಆರಲು ಬಿಟ್ಟು, ಕೊರತೆಯನ್ನು ಮತ್ತೆ ಭರ್ತಿಮಾಡಿ ಕೊಡುತ್ತಾನೆ. ಕಂಪ್ರೆಸರ್ ಗಾಳಿಯನ್ನೆಳೆಯುವ ಬಾಯಿ ಎಂಜಿನ್ನಿನ ಹೊಗೆಯ ಕಡೆಗಿದ್ದರಂತೂ ಕಾರ್ಬನ್ ಮಾನಾಕ್ಸೈಡೆಂಬ, ಬಣ್ಣವೂ ವಾಸನೆಯೂ ಇಲ್ಲದ ವಿಷವೇ ಸಿಲಿಂಡರಿಗೆ ಸೇರೀತು. ಗಿರಾಕಿಗೆ ಇದಾವುದೂ ಕಾಣದು. ಕೊಳ್ಳುವವನು ಹಿಚುಕಿ ನೋಡಲಾಗದ, ಮೂಸಿ ನೋಡಲಾಗದ ಸರಕನ್ನು ಮಾರುವವನಿಗೆ ನಂಬಿಕೆಯೊಂದೇ ಬಂಡವಾಳವೆಂಬುದು ಈ ವೃತ್ತಿಯಲ್ಲಿರುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ವಿರಳ.

1958ರಿಂದ ಲಾಯ್ಡ್ ಬ್ರಿಡ್ಜಸ್ ನಾಯಕನಾಗಿದ್ದ ಸೀ ಹಂಟ್ ಧಾರಾವಾಹಿಯು ಟೆಲಿವಿಷನ್ನಿನಲ್ಲಿ ಬರತೊಡಗಿದ ಮೇಲೆ ಕಡಲಿಗಿಳಿಯುವ ಆಸೆಯು ಜನರಲ್ಲಿ ಹಬ್ಬಿತು. ಬೋಧಕರ ಸಂಘಗಳೂ ತಲೆಯೆತ್ತಿದುವು. 1960ರಲ್ಲಿ ನಾವಿ ಎಂಬ ಸಂಘವೂ, 1966ರಲ್ಲಿ ಪ್ಯಾಡಿ ಎಂಬುದೂ ಸ್ಥಾಪಿತವಾದುವು. ಈ ಎರಡನೆಯದನ್ನು ಕಟ್ಟಿದ ಇಬ್ಬರಲ್ಲಿ ರಾಲ್ಫ್ ಎರಿಕ್ಸನ್ ಈಜಿನ ತರಬೇತುದಾರನಾದರೆ, ಜಾನ್ ಕ್ರೋನಿನ್ ಯು.ಎಸ್. ಡೈವರ್ಸ್ ಸಂಸ್ಥೆಯ ಮಾರಾಟ ಪ್ರತಿನಿಧಿ. ಮೂಲಧನವು 30 ಡಾಲರು ಮತ್ತು ಒಂದು ಸೀಸೆ ವಿಸ್ಕಿ ಎಂದು ಆ ಸಂಸ್ಥೆಯವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಕಲಿತವರು ಯಂತ್ರ ಕೊಳ್ಳುತ್ತಾರೆ, ಕಲಿಯದವರು ಹೆದರಿ ಬಿಟ್ಟುಬಿಡುತ್ತಾರೆ ಎಂಬುದನ್ನು ಊರೂರು ಸುತ್ತುವ ಮಾರಾಟಗಾರನು ಗ್ರಹಿಸದಿರುವನೆ? ಕ್ರಮೇಣ ತರಬೇತಿ ಪಡೆದುದಕ್ಕೆ ಸಾಕ್ಷಿಯಾದ ಕಾರ್ಡನ್ನು ತೋರಿಸದವನಿಗೆ ಗಾಳಿ ತುಂಬಿಕೊಡಲಾಗದೆಂಬ ಕಟ್ಟಳೆಯು ಅಂಗಡಿಗಳಲ್ಲಿ ಬೇರೂರಿತು. ಇದರಲ್ಲಿ ಧರ್ಮಬುದ್ಧಿಯೆಷ್ಟು, ನ್ಯಾಯಾಲಯದ ಮತ್ತು ಸರ್ಕಾರದ ಅಂಕುಶದ ಭಯವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮೆಟ್ಟಿಲಿನ ಮೇಲೆ ಮೆಟ್ಟಿಲಾಗಿ ಕೋರ್ಸುಗಳನ್ನು ಏರಿಸುತ್ತ ಹೋದ ಮುಂದಿನ ಪದ್ಧತಿಯಲ್ಲಂತೂ ಬೋಧನೆಯೇ ಸರಕಾಗಿ, ಅವಶ್ಯಕವಾದುದೂ ಅಲಂಕಾರಪ್ರಾಯವಾದುದೂ ಒಂದೇ ದರಪಟ್ಟಿಯಲ್ಲಿ ಸೇರಿಹೋದುವೆಂದು ನನ್ನ ಅಭಿಪ್ರಾಯ.

ನಮ್ಮ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಮುಳುಗಿ ಬರುವವರಲ್ಲಿ ಹಲವರಿಗೆ ಅದು ಒಂದು ದಿನದ ಮಾತು. ಅವರು ಸಿಲಿಂಡರನ್ನು ಕೊಳ್ಳುವವರಲ್ಲ, ಕಾರ್ಡು ಬಯಸುವವರೂ ಅಲ್ಲ. ಬೆನ್ನ ಹಿಂದೆ ಬೋಧಕನು ಹಿಡಿದುಕೊಂಡಿರುವಾಗ ಕೆಲವು ನಿಮಿಷ ಮೀನುಗಳನ್ನು ಕಂಡು ಹಿಂದಿರುಗುವವರು. ಅಂಥವರಿಗೆ ಯಂತ್ರ ತೊಡಿಸುವ ಮೊದಲು ಆಸ್ತಮಾ ಉಂಟೇ, ಕಿವಿ ಸೋರುವುದೇ, ನೆಗಡಿಯೇ ಎಂದು ವಿಚಾರಿಸಿ, ಹೌದೆಂದವನನ್ನು ನೀರಿಗಿಳಿಸದೆ ದಡದಲ್ಲಿಯೇ ನಿಲ್ಲಿಸಬೇಕಾದ ಕೆಲಸವು ಇಲ್ಲಿಯೂ ಅಂಗಡಿಯವನ ಪಾಲಿಗೇ ಬಂದಿದೆ.