ಸುನಯನೀ ದೇವಿ

ಸುನಯನೀ ದೇವಿ (18 ಜೂನ್ 1875 – 23 ಫೆಬ್ರವರಿ 1962) ಬಂಗಾಳದ ಚಿತ್ರಕಲಾವಿದೆ. ಯಾವುದೇ ಕಲಾಶಾಲೆಯಲ್ಲಿ ಅಭ್ಯಾಸ ಮಾಡದೆ, ಸುಮಾರು 30ನೆಯ ವಯಸ್ಸಿನಲ್ಲಿ, ಸಂಸಾರದ ಹೊಣೆಯನ್ನು ನಿರ್ವಹಿಸುತ್ತಲೇ ಕುಂಚ ಹಿಡಿದ ಇವರು ಆಧುನಿಕ ಭಾರತೀಯ ಚಿತ್ರಕಲೆಯಲ್ಲಿ ಮನ್ನಣೆ ಪಡೆದ ಮೊದಲ ಮಹಿಳೆಯರಲ್ಲಿ ಒಬ್ಬರು.

ಜನನ ಮತ್ತು ಬಾಲ್ಯ

ಸುನಯನೀ ದೇವಿಯವರು ಕಲ್ಕತ್ತೆಯ ಜೊರಾಸಾಂಕೊದ ಪ್ರಸಿದ್ಧ ಠಾಕೂರ್ ಮನೆತನದಲ್ಲಿ ಜನಿಸಿದರು. ತಂದೆ ಗುಣೇಂದ್ರನಾಥ, ತಾಯಿ ಸೌದಾಮಿನಿ ದೇವಿ. ಕವಿ ರವೀಂದ್ರನಾಥರು ಸಂಬಂಧದಲ್ಲಿ ಚಿಕ್ಕಪ್ಪ. ಚಿತ್ರಕಾರರಾದ ಗಗನೇಂದ್ರನಾಥ ಮತ್ತು ಅವನೀಂದ್ರನಾಥರು ಇವರ ಅಣ್ಣಂದಿರು. ನಮ್ಮ ಕೆ. ವೆಂಕಟಪ್ಪನವರ ಗುರುಗಳಾಗಿ ಅವನೀಂದ್ರನಾಥರ ಹೆಸರು ಕನ್ನಡಿಗರಿಗೆ ಚಿರಪರಿಚಿತ.

ಅವನೀಂದ್ರನಾಥರಿಗೆ ಗಿಲಾರ್ಡಿ, ಪಾಮರ್ ಎಂಬ ಯುರೋಪಿಯನ್ ಕಲಾವಿದರಿಂದ ಕ್ರಮಬದ್ಧ ಪಾಠ ದೊರೆಯಿತು. ಅಂತಃಪುರದಲ್ಲಿ ಬೆಳೆದ ತಂಗಿಗೆ ಆ ಅವಕಾಶವಿರಲಿಲ್ಲ. ಒಂದೇ ಮನೆಯ ಮಕ್ಕಳ ನಡುವಿನ ಈ ಅಂತರವನ್ನು ಗಮನಿಸದೆ ಇವರನ್ನು 'ಅವನೀಂದ್ರನಾಥರ ಸೋದರಿ' ಎಂದಷ್ಟೇ ಪರಿಚಯಿಸುವುದು ಉಚಿತವೆನಿಸದು. ಒಳಮನೆಯ ಗೋಡೆಗಳ ಮೇಲಿದ್ದ ದೇವದೇವತೆಯರ ಚಿತ್ರಗಳು, ರವಿವರ್ಮನ ಮುದ್ರಿತ ಪಟಗಳು, ಹೆಂಗಸರ ಬಾಯಲ್ಲಿ ಕೇಳಿದ ಪುರಾಣಕಥೆಗಳು, ಇವೇ ಅವರಿಗೆ ಪಾಠಗಳಾದವು.

ವಿವಾಹ ಮತ್ತು ಪತಿಯ ಪ್ರೋತ್ಸಾಹ

ಅಂದಿನ ರೂಢಿಯಂತೆ ಬಾಲ್ಯದಲ್ಲಿಯೇ ಅವರಿಗೆ ವಿವಾಹವಾಯಿತು. ಪತಿ ರಜನೀಮೋಹನ ಚಟ್ಟೋಪಾಧ್ಯಾಯರು ರಾಜಾ ರಾಮಮೋಹನ ರಾಯರ ವಂಶಸಂಬಂಧಿಗಳು. ಮಕ್ಕಳ ತಾಯಿಯಾದ ಮೇಲೆ, ಸುಮಾರು 1905ರಲ್ಲಿ, ಸುನಯನೀ ದೇವಿ ಚಿತ್ರರಚನೆ ಆರಂಭಿಸಿದಾಗ ಅದಕ್ಕೆ ಬೆಂಬಲವಾಗಿ ನಿಂತವರು ಪತಿಯೇ. ಕುಲೀನ ಮನೆತನದ ಸೊಸೆಯ ದಿನಚರಿಯಲ್ಲಿ ಇಂಥ ಹವ್ಯಾಸಕ್ಕೆ ಬಿಡುವು ದೊರೆಯುವುದು ಮನೆಯವರ ಸಮ್ಮತಿಯಿಲ್ಲದೆ ಸಾಧ್ಯವಿರಲಿಲ್ಲ. ಅವರಿಗೆ ಪ್ರತ್ಯೇಕ ಚಿತ್ರಶಾಲೆಯೇನೂ ಇರಲಿಲ್ಲ. ಮನೆವಾರ್ತೆಯ ನಡುವೆ ಮಂಚದ ಮೇಲೆ ಕುಳಿತೇ ಬಣ್ಣ ಹಚ್ಚುತ್ತಿದ್ದರು. 1930ರ ದಶಕದಲ್ಲಿ ಪತಿಯು ನಿಧನರಾದ ಬಳಿಕ ಅವರ ಚಿತ್ರರಚನೆಯೂ ಕ್ಷೀಣಿಸಿತು. ಆ ಬೆಂಬಲದ ತೂಕ ಎಷ್ಟಿತ್ತೆಂಬುದು ಇದರಿಂದ ತಿಳಿಯುತ್ತದೆ.

ಶೈಲಿ

ಕಾಗದದ ಮೇಲೆ ಕೆಂಪು ಅಥವಾ ಕಪ್ಪು ಬಣ್ಣದಲ್ಲಿ ಹೊರರೇಖೆ ಬರೆದು, ಜಲವರ್ಣ ತುಂಬಿ, ಕಾಗದವನ್ನು ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದರು. ಬಣ್ಣವು ಕಾಗದದೊಳಗೆ ಇಳಿದು, ಮಂಜು ಕವಿದಂಥ ಹಿನ್ನೆಲೆಯಿಂದ ಆಕೃತಿಗಳು ಮೂಡಿಬರುತ್ತಿದ್ದವು. ಅಣ್ಣನ ವಾಷ್ ಪದ್ಧತಿಯನ್ನು ಇದು ನೆನಪಿಸಿದರೂ ರೇಖೆಯ ಗುಣ ಬೇರೆ: ದುಂಡನೆಯ ಮುಖ, ಅರೆಮುಚ್ಚಿದ ನೀಳ ಕಣ್ಣು, ಅಲಂಕಾರವಿಲ್ಲದ ಸರಳ ಬಾಗು. ಬಂಗಾಳದ ಪಟಚಿತ್ರಗಳ ಮತ್ತು ಮಣ್ಣಿನ ಗೊಂಬೆಗಳ ಛಾಯೆ ಇಲ್ಲಿ ಸ್ಪಷ್ಟ. ಜಾಮಿನಿ ರಾಯ್ ಅವರು ಜಾನಪದ ಶೈಲಿಯತ್ತ ಹೊರಳುವ ಮೊದಲೇ ಸುನಯನೀ ದೇವಿ ಆ ದಾರಿಯಲ್ಲಿ ನಡೆದಿದ್ದರೆಂಬುದು ಗಮನಾರ್ಹ. ರಾಧಾಕೃಷ್ಣರು, ಯಶೋದೆ, ಅರ್ಧನಾರೀಶ್ವರ, ಗೊಲ್ಲತಿಯರು ಅವರ ಮೆಚ್ಚಿನ ವಸ್ತುಗಳು. ತಮ್ಮ ಅನೇಕ ಚಿತ್ರಗಳು ಕನಸಿನಲ್ಲಿ ಕಂಡವೆಂದು ಅವರೇ ಹೇಳಿಕೊಂಡಿದ್ದಾರೆ.

ಪ್ರದರ್ಶನ ಮತ್ತು ಮನ್ನಣೆ

1922ರ ಡಿಸೆಂಬರಿನಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯಂಟಲ್ ಆರ್ಟ್ ಕಲ್ಕತ್ತೆಯಲ್ಲಿ ಏರ್ಪಡಿಸಿದ ಪ್ರದರ್ಶನದಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಕ್ಲೀ, ಕ್ಯಾಂಡಿನ್ಸ್ಕಿ ಮೊದಲಾದವರ ಕೃತಿಗಳೊಡನೆ ಇವರ ಚಿತ್ರಗಳೂ ಇದ್ದವು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ 1925ರಲ್ಲಿ 'ಡೆರ್ ಸಿಸೆರೋನೆ' ಎಂಬ ಜರ್ಮನ್ ಪತ್ರಿಕೆಯಲ್ಲಿ ಇವರ ಬಗ್ಗೆ ಲೇಖನ ಬರೆದರು. 1927ರಲ್ಲಿ ಲಂಡನ್ನಿನ ಮಹಿಳಾ ಅಂತರರಾಷ್ಟ್ರೀಯ ಕಲಾ ಕ್ಲಬ್ಬಿನಲ್ಲಿಯೂ ಚಿತ್ರಗಳು ಪ್ರದರ್ಶನಗೊಂಡವು. ನವದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇವರ ಕೃತಿಗಳಿವೆ.