ಫೋರ್‌ಮನ್, ಜಾರ್ಜ್ (1949–2025)

ಎರಡು ಸಲ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದ ಅಮೆರಿಕದ ಮುಷ್ಟಿಯುದ್ಧಪಟು. ಹುಟ್ಟಿದ್ದು ಟೆಕ್ಸಾಸಿನ ಮಾರ್ಷಲ್‌ನಲ್ಲಿ, ಬೆಳೆದದ್ದು ಹ್ಯೂಸ್ಟನ್ನಿನ ಬಡ ಬಡಾವಣೆಯಲ್ಲಿ. ಶಾಲೆ ಬಿಟ್ಟು ಪುಂಡಾಟಕ್ಕೆ ಬಿದ್ದಿದ್ದ ಹುಡುಗನಿಗೆ ಬಾಕ್ಸಿಂಗ್ ಹತ್ತಿದ್ದು ಸರ್ಕಾರದ ಜಾಬ್ ಕೋರ್ ತರಬೇತಿ ಶಿಬಿರದಲ್ಲಿ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಮರುವರ್ಷ ವೃತ್ತಿಪರನಾದ.

1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ, ಅಲ್ಲಿಯವರೆಗೆ ಸೋಲನ್ನೇ ಕಾಣದ ಜೋ ಫ್ರೇಜಿಯರ್‌ನನ್ನು ಎರಡು ಸುತ್ತಿನೊಳಗೆ ಆರು ಬಾರಿ ನೆಲಕ್ಕೆ ಕೆಡವಿ ಪಟ್ಟ ಕಿತ್ತುಕೊಂಡ. 1974ರ ಅಕ್ಟೋಬರ್ 30ರಂದು ಜೈರ್‌ನ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿಯ ಎದುರು ನಿಂತಾಗ ಆಡಿದ 40 ಪಂದ್ಯಗಳನ್ನೂ ಗೆದ್ದಿದ್ದ. ಅವುಗಳಲ್ಲಿ 37 ನಾಕೌಟ್. ಅಷ್ಟು ಬೇಗ ಮುಗಿಸಿ ಅಭ್ಯಾಸವಾದವನಿಗೆ ದೀರ್ಘ ಕಾದಾಟದ ರೂಢಿ ಇರಲಿಲ್ಲ. ಅಲಿ ಅದನ್ನೇ ಹಿಡಿದ. ಹಗ್ಗಕ್ಕೊರಗಿ ಸುತ್ತಿನ ಮೇಲೆ ಸುತ್ತು ಏಟು ತಿನ್ನುತ್ತ, ಸೆಕೆಯಲ್ಲಿ ಎದುರಾಳಿಯ ತೋಳು ಸೋಲುವವರೆಗೆ ಕಾದು, ಎಂಟನೆಯ ಸುತ್ತಿನಲ್ಲಿ ಕೆಡವಿದ. ಹಗ್ಗ ಸಡಿಲವಿತ್ತು, ಕುಡಿಯುವ ನೀರಿಗೆ ಏನೋ ಬೆರೆಸಿದ್ದರು ಎಂದು ಫೋರ್‌ಮನ್ ಬಹುಕಾಲ ದೂರಿದ್ದುಂಟು. ಮುಂದೆ ಇಬ್ಬರೂ ಆಪ್ತ ಗೆಳೆಯರಾದರು.

1977ರಲ್ಲಿ ಪೋರ್ಟರಿಕೊದಲ್ಲಿ ಜಿಮ್ಮಿ ಯಂಗ್‌ಗೆ ಸೋತ ರಾತ್ರಿ, ಉಡುಪು ಬದಲಿಸುವ ಕೋಣೆಯಲ್ಲಿ ತನಗೆ ದೇವರ ಅನುಭವವಾಯಿತೆಂದು ಹೇಳಿ ಆಟ ಬಿಟ್ಟು, ಹ್ಯೂಸ್ಟನ್‌ನಲ್ಲಿ ಕ್ರೈಸ್ತ ಬೋಧಕನಾದ. ಹತ್ತು ವರ್ಷ ಕೈಗವಸು ಮುಟ್ಟಲಿಲ್ಲ. 1987ರಲ್ಲಿ, ತಾನು ನಡೆಸುತ್ತಿದ್ದ ಯುವಕೇಂದ್ರಕ್ಕೆ ಹಣ ಬೇಕೆಂದು ಬೋಳುತಲೆ, ದಪ್ಪ ಹೊಟ್ಟೆಯೊಂದಿಗೆ ಮರಳಿದಾಗ ನಕ್ಕವರೇ ಹೆಚ್ಚು. ಅವನೂ ಅವರ ಜೊತೆ ನಕ್ಕ. ಹಳೆಯ ಸಿಡುಕು ಎಲ್ಲೂ ಉಳಿದಿರಲಿಲ್ಲ. ಹೊಡೆತದ ಬಿರುಸು ಕಿನ್ಶಾಸಾಕ್ಕಿಂತ ಮೊದಲೂ ಇತ್ತು. ಕಾಯುವ ತಾಳ್ಮೆ ಬಂದದ್ದು ಈಗ. ಈತನ ನಿಜವಾದ ಹಿರಿಮೆ ಈ ಎರಡನೆಯ ಸರದಿಯಲ್ಲಿದೆ.

1991ರಲ್ಲಿ ಇವಾಂಡರ್ ಹೋಲಿಫೀಲ್ಡ್‌ಗೆ ಅಂಕಗಳಲ್ಲಿ ಸೋತರೂ ಹನ್ನೆರಡೂ ಸುತ್ತು ನಿಂತ. 1994ರ ನವೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ ಆಗಿನ ಚಾಂಪಿಯನ್ ಮೈಕೆಲ್ ಮೂರರ್ ಒಂಬತ್ತನೆಯ ಸುತ್ತಿನವರೆಗೂ ಅಂಕಗಳಲ್ಲಿ ಮುಂದಿದ್ದ. ಹತ್ತನೆಯದರಲ್ಲಿ ಗದ್ದಕ್ಕೆ ಬಿದ್ದ ಒಂದು ಬಲಗೈ ಏಟು ಪಂದ್ಯ ಮುಗಿಸಿತು. 45ನೆಯ ವಯಸ್ಸಿನಲ್ಲಿ ಗೆದ್ದ ಈತ ಅತಿ ಹಿರಿಯ ಹೆವಿವೇಟ್ ಚಾಂಪಿಯನ್. ಅಂದು ತೊಟ್ಟದ್ದು ಕಿನ್ಶಾಸಾದಲ್ಲಿ ಸೋತಾಗಿನ ಅದೇ ಕೆಂಪು ಚಡ್ಡಿ. ಆಗ ಅಲಿಯ ಮೂಲೆಯಲ್ಲಿದ್ದ ತರಬೇತುದಾರ ಏಂಜೆಲೊ ಡಂಡಿ ಈಗ ಇವನ ಮೂಲೆಯಲ್ಲಿದ್ದ.

1997ರಲ್ಲಿ ಷಾನನ್ ಬ್ರಿಗ್ಸ್‌ಗೆ ಸೋತದ್ದು ಕೊನೆಯ ಪಂದ್ಯ. ಆ ತೀರ್ಪನ್ನು ಒಪ್ಪದವರು ಬಹಳ. ಒಟ್ಟು 81 ಪಂದ್ಯ, 76 ಗೆಲುವು, 68 ನಾಕೌಟ್. ಆದರೆ ಈತನನ್ನು ಸಿರಿವಂತನಾಗಿಸಿದ್ದು ತನ್ನ ಹೆಸರು ಹೊತ್ತು ಮಾರಾಟವಾದ ವಿದ್ಯುತ್ ಗ್ರಿಲ್.